ದೊಡ್ಡವರಾಗುವ ಮೊದಲಿನ ಪುಟಗಳು

ಅಮೆರಿಕದ ಅಲಬಾಮಾ ರಾಜ್ಯದ ಟಸ್ಕಂಬಿಯಾ ಎಂಬ ಊರು, 1887ನೇ ಇಸವಿ. ಏಳು ವರ್ಷವೂ ತುಂಬದ ಹುಡುಗಿಯೊಬ್ಬಳು ಮನೆಗೆ ಹೊಸದಾಗಿ ಬಂದ ಟೀಚರನ್ನು ಮಹಡಿಯ ಕೋಣೆಯಲ್ಲಿ ಕೂಡಿಹಾಕಿ, ಬೀಗ ಹಾಕಿ, ಬೀಗದ ಕೈಯನ್ನು ಕಪಾಟಿನ ಅಡಿಗೆ ತಳ್ಳಿಬಿಟ್ಟಳು. ಮನೆಯವರು ಏನು ಮಾಡಿದರೂ ಅದು ಎಲ್ಲಿದೆ ಎಂದು ತೋರಿಸಲಿಲ್ಲ. ಕೊನೆಗೆ ಅಪ್ಪ ಏಣಿ ತಂದು ಕಿಟಕಿಯಿಂದ ಟೀಚರನ್ನು ಇಳಿಸಬೇಕಾಯಿತು. ಹುಡುಗಿಗೆ ಹಿಗ್ಗೋ ಹಿಗ್ಗು. ಬೀಗದ ಕೈ ಹೊರಗೆ ಬಂದದ್ದು ಎಷ್ಟೋ ತಿಂಗಳ ಮೇಲೆ. ಅದಕ್ಕೂ ಮೊದಲೊಮ್ಮೆ ಇದೇ ಹುಡುಗಿ ಅಮ್ಮನನ್ನು ಉಗ್ರಾಣದಲ್ಲಿ ಮೂರು ಗಂಟೆ ಕೂಡಿಹಾಕಿ, ಬಾಗಿಲು ಬಡಿಯುವ ಅದುರನ್ನು ಹೊರಗಿನ ಮೆಟ್ಟಿಲ ಮೇಲೆ ಕೂತು ಅನುಭವಿಸುತ್ತಾ ನಕ್ಕಿದ್ದಳು.

ಆ ಹುಡುಗಿ ಹೆಲೆನ್ ಕೆಲರ್. ಹತ್ತೊಂಬತ್ತು ತಿಂಗಳ ಕೂಸಾಗಿದ್ದಾಗ ಬಂದ ಕಾಯಿಲೆಯಲ್ಲಿ ಕಣ್ಣು ಕಿವಿ ಎರಡನ್ನೂ ಕಳೆದುಕೊಂಡವಳು. ಟೀಚರ್ ಆನ್ ಸಲಿವನ್. ಈ ತುಂಟತನಗಳನ್ನೆಲ್ಲ ಕೆಲರ್ ತಾವೇ 1903ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಇದನ್ನು ಏಳೆಂಟು ವರ್ಷದ ಮಗುವಿಗೆ ಓದಿ ಹೇಳಿ. ಮಗು ನಗುತ್ತದೆ, ‘ಇನ್ನೊಂದ್ಸಲ ಓದು’ ಎನ್ನುತ್ತದೆ. ಆಮೇಲೆ ಕೈಪಂಪಿನ ಪ್ರಸಂಗಕ್ಕೆ ಬನ್ನಿ: ಒಂದು ಕೈಮೇಲೆ ತಣ್ಣೀರು ಸುರಿಯುತ್ತಿದೆ, ಇನ್ನೊಂದು ಅಂಗೈ ಮೇಲೆ ಟೀಚರ್ ಬೆರಳಿನಿಂದ ‘ನೀರು’ ಎಂದು ಬರೆಯುತ್ತಿದ್ದಾರೆ. ವಸ್ತುಗಳಿಗೆ ಹೆಸರಿದೆ ಎಂಬುದು ಹೆಲೆನ್‌ಗೆ ಹೊಳೆಯುವುದು ಆಗ. ಒಳಗೆ ಬಂದವಳೇ, ಸ್ವಲ್ಪ ಹೊತ್ತಿನ ಹಿಂದೆ ಸಿಟ್ಟಿನಲ್ಲಿ ಒಡೆದು ಹಾಕಿದ್ದ ಗೊಂಬೆಯ ಚೂರುಗಳನ್ನು ಹುಡುಕಿ ಕೂಡಿಸಲು ನೋಡುತ್ತಾಳೆ. ಕೂಡಿಬರುವುದಿಲ್ಲ, ಅಳು ಬರುತ್ತದೆ. ಬೀಗದ ಕೈ ಪ್ರಸಂಗಕ್ಕೆ ನಕ್ಕ ಮಗುವಿಗೆ ಈ ಅಳು ಅರ್ಥವಾಗುತ್ತದೆ. ಮೊದಲ ಸಾಲಿನಲ್ಲೇ ‘ಅಂಧರ ಬಾಳಿಗೆ ಬೆಳಕಾದ ಮಹಾನ್ ಮಹಿಳೆ’ ಎಂದು ಶುರುಮಾಡಿದರೆ ಅರ್ಥವಾಗುವುದಿಲ್ಲ.

ಮಕ್ಕಳಿಗೆ ಜೀವನಚರಿತ್ರೆ ಓದಿಸಿ ಎಂದು ಎಲ್ಲರೂ ಹೇಳುತ್ತಾರೆ. ಆದರ್ಶ ಸಿಗುತ್ತದೆ, ದೇಶಭಕ್ತಿ ಬೆಳೆಯುತ್ತದೆ ಎಂಬುದು ಸಾಮಾನ್ಯವಾಗಿ ಕೊಡುವ ಕಾರಣ. ನನಗೆ ಕಾಣುವ ಲಾಭ ಬೇರೆ. ಪುಸ್ತಕದೊಳಗಿನ ಮಗುವಿಗೆ ತಾನು ಮುಂದೆ ಏನಾಗುತ್ತೇನೆ ಎಂಬುದು ಗೊತ್ತಿಲ್ಲ. ಕೇಳುತ್ತಾ ಕೂತ ನಮ್ಮ ಮಗುವಿಗೂ ಗೊತ್ತಿಲ್ಲ. ಇಬ್ಬರೂ ಒಂದೇ ಕತ್ತಲಲ್ಲಿ ನಿಂತಿದ್ದಾರೆ. ಲೆಕ್ಕ ತಪ್ಪಿ ಅಳುತ್ತಾ ಬಂದ ಮಗುವಿಗೆ ಈ ಜೊತೆ ಸಿಗುವುದು ಸಣ್ಣ ಮಾತಲ್ಲ. ಸಾಧನೆಯ ಪಟ್ಟಿ ಓದಿದರೆ ಅದು ಸಿಗುವುದಿಲ್ಲ, ದೊಡ್ಡವರಾಗುವ ಮೊದಲಿನ ಪುಟಗಳಲ್ಲಿ ಸಿಗುತ್ತದೆ.

ಇದಕ್ಕೆ ಒಂದು ಆಧಾರವೂ ಇದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ನ್ಯೂಯಾರ್ಕ್ ನಗರದಲ್ಲಿ, ಹೆಚ್ಚಾಗಿ ಬಡ ಕುಟುಂಬಗಳ ಮಕ್ಕಳು ಓದುವ ಪ್ರೌಢಶಾಲೆಗಳ 402 ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ, ಐನ್‌ಸ್ಟೈನ್, ಮೇರಿ ಕ್ಯೂರಿ, ಮೈಕೆಲ್ ಫ್ಯಾರಡೆ ಅವರ ಬದುಕನ್ನು ಓದಿಸಿದರು. ಒಂದು ಗುಂಪಿಗೆ ಪಠ್ಯಪುಸ್ತಕದ ಧಾಟಿಯಲ್ಲಿ ಬರೀ ಸಾಧನೆ. ಇನ್ನೊಂದಕ್ಕೆ ಆ ವಿಜ್ಞಾನಿಗಳ ಬದುಕಿನ ಕಷ್ಟಗಳು. ಮತ್ತೊಂದಕ್ಕೆ ಅವರ ಪ್ರಯೋಗಗಳು ಕೈಕೊಟ್ಟದ್ದು, ಮತ್ತೆ ಮತ್ತೆ ಮಾಡಿ ನೋಡಿದ್ದು. ಸೋಲು, ಕಷ್ಟಗಳನ್ನು ಓದಿದ ಎರಡೂ ಗುಂಪುಗಳ ಮಕ್ಕಳ ವಿಜ್ಞಾನದ ಅಂಕ ಏರಿತು, ಅದರಲ್ಲೂ ಮೊದಲು ಕಡಿಮೆ ಅಂಕ ತೆಗೆಯುತ್ತಿದ್ದವರದು. ಬರೀ ಸಾಧನೆ ಓದಿದವರದು ಏರಲಿಲ್ಲ. ವಿಜ್ಞಾನಿಗಳೆಂದರೆ ಹುಟ್ಟಿನಿಂದಲೇ ಪ್ರತಿಭೆ ಪಡೆದು ಬಂದವರು ಎಂದು ಆ ಮಕ್ಕಳು ಭಾವಿಸಿದ್ದರು. ನಮ್ಮ ಶಾಲೆಗಳ ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ ಭಾವಚಿತ್ರಗಳು ಮಕ್ಕಳಿಗೆ ಏನನ್ನು ಹೇಳುತ್ತಿರಬಹುದು ಎಂದು ಇದನ್ನು ಓದಿದಾಗಿನಿಂದ ನನಗೆ ಯೋಚನೆ.

ಗಾಂಧೀಜಿಯನ್ನೇ ತೆಗೆದುಕೊಳ್ಳಿ. ಅಕ್ಟೋಬರ್ 2ರಂದು ಹಾರ ಹಾಕಿಸಿಕೊಳ್ಳುವ ಗಾಂಧಿ ಮಗುವಿಗೆ ಒಂದು ಫೋಟೊ ಅಷ್ಟೆ. 1925ರಿಂದ 1929ರವರೆಗೆ ‘ನವಜೀವನ’ ವಾರಪತ್ರಿಕೆಯಲ್ಲಿ ಕಂತುಗಳಾಗಿ ಬಂದ ಆತ್ಮಕಥೆಯಲ್ಲಿರುವ ಮೋಹನದಾಸನಾದರೋ ಕತ್ತಲೆಗೆ ಹೆದರುವ ಹುಡುಗ. ದೆವ್ವ, ಕಳ್ಳ, ಹಾವು ಮೂರೂ ಬಂದಂತೆ ಅನಿಸಿ, ದೀಪವಿಲ್ಲದೆ ಅವನಿಗೆ ನಿದ್ದೆ ಬಾರದು. ಮನೆಯ ದಾದಿ ರಂಭಾ ರಾಮನಾಮ ಹೇಳಿಕೊಟ್ಟು ಧೈರ್ಯ ತುಂಬುತ್ತಾಳೆ. ಹದಿನೈದರ ವಯಸ್ಸಿನಲ್ಲಿ ಅಣ್ಣನ ಕಡಗದಿಂದ ಒಂದಿಷ್ಟು ಚಿನ್ನ ಕದಿಯುತ್ತಾನೆ. ಬಾಯಿಬಿಟ್ಟು ಹೇಳಲಾರದೆ ಚೀಟಿಯಲ್ಲಿ ಬರೆದು, ಹಾಸಿಗೆ ಹಿಡಿದಿದ್ದ ತಂದೆಯ ಕೈಗಿಡುತ್ತಾನೆ. ತಂದೆ ಬೈಯಲಿಲ್ಲ, ಹೊಡೆಯಲಿಲ್ಲ. ಅತ್ತರು, ಚೀಟಿಯನ್ನು ಹರಿದು ಹಾಕಿದರು. ಈ ಭಾಗ ಓದುವಾಗ ಅವಸರ ಮಾಡಬಾರದು. ‘ನಾನು ಹಾಗೆ ಮಾಡಿದ್ರೆ ನೀನು ಬೈತೀಯಾ ಅಪ್ಪ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಕೊಡುವ ಉತ್ತರದಲ್ಲಿ ಅಪ್ಪನದೂ ಒಂದು ಪರೀಕ್ಷೆ ಇದೆ.

ಕನ್ನಡದ ಮಕ್ಕಳಿಗೆ ಜೀವನಚರಿತ್ರೆಯ ಬರ ಎಂದೂ ಇರಲಿಲ್ಲ. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ರಾಷ್ಟ್ರೋತ್ಥಾನ ಪರಿಷತ್ತು ತಂದ ‘ಭಾರತ ಭಾರತಿ’ ಮಾಲೆ ಒಂದರಲ್ಲೇ 510 ಕಿರುಹೊತ್ತಿಗೆಗಳು. ಎಲ್.ಎಸ್. ಶೇಷಗಿರಿ ರಾವ್ ಅದರ ಸಂಪಾದಕರು. ಶಾಲೆಯ ಬಹುಮಾನವಾಗಿ ಆ ತೆಳುವಾದ ಪುಸ್ತಕ ಬಂದದ್ದು ನನ್ನ ವಯಸ್ಸಿನ ಎಷ್ಟೋ ಜನಕ್ಕೆ ನೆನಪಿದೆ. ಕನ್ನಡದಲ್ಲಿ ಪ್ರಸಿದ್ಧ ಸಾಹಿತಿಗಳು ಮಕ್ಕಳಿಗಾಗಿ ಒಬ್ಬೊಬ್ಬರ ಬದುಕನ್ನು ಸಣ್ಣದಾಗಿ ಬರೆಯಲು ಕೂತರು ಎಂಬುದನ್ನೇ ನಾನು ದೊಡ್ಡದೆಂದು ತಿಳಿಯುತ್ತೇನೆ. ಸ್ವಲ್ಪ ದೊಡ್ಡ ಮಕ್ಕಳಿಗಾದರೆ ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ ಇದೆ, ಎಂಟು ಸಂಪುಟ. ದಿವಾನರು, ವಿದ್ವಾಂಸರ ಜೊತೆಗೆ ಹೆಸರೇ ಕೇಳಿರದ ಸಾಮಾನ್ಯರೂ ಅಲ್ಲಿದ್ದಾರೆ. ಒಂದೊಂದು ಚಿತ್ರವೂ ಒಂದೇ ಸಲಕ್ಕೆ ಕೂತು ಓದಿ ಮುಗಿಸುವಷ್ಟೇ. ಭಾಷೆ ಹಳೆಯದು, ಅಲ್ಲಲ್ಲಿ ನಿಲ್ಲಿಸಿ ನಮ್ಮ ಮಾತಿನಲ್ಲಿ ಹೇಳಬೇಕಾಗುತ್ತದೆ. ಹಾಗೆ ನಿಲ್ಲಿಸಿದಾಗಲೇ ಮಾತುಕತೆ ಶುರುವಾಗುವುದು.

ಆದರೆ ಒಂದು ವಿಷಯದಲ್ಲಿ ನಾವು ಬಿಗಿಯಾಗಿರಬೇಕು. ಮಕ್ಕಳಿಗೆ ತಾನೇ ಎಂದು ಸುಳ್ಳು ಕಥೆಯನ್ನು ಸೇರಿಸಬಾರದು. ಜಾರ್ಜ್ ವಾಷಿಂಗ್ಟನ್ ಬಾಲ್ಯದಲ್ಲಿ ಚೆರ್ರಿ ಗಿಡ ಕಡಿದು, ಸುಳ್ಳು ಹೇಳದೆ ಅಪ್ಪನ ಮುಂದೆ ಒಪ್ಪಿಕೊಂಡ ಕಥೆ ಗೊತ್ತಲ್ಲ? ಅದಕ್ಕೆ ಆಧಾರವಿಲ್ಲ. ಮೇಸನ್ ವೀಮ್ಸ್ ಎಂಬ ಲೇಖಕ ತಾನು ಬರೆದ ವಾಷಿಂಗ್ಟನ್ ಚರಿತ್ರೆಗೆ 1806ರ ಮುದ್ರಣದಲ್ಲಿ ಸೇರಿಸಿದ್ದು ಅದು. ಅದೇ ವೀಮ್ಸ್‌ನ ಪುಸ್ತಕವನ್ನು ಬಾಲ್ಯದಲ್ಲಿ ಓದಿದ್ದ ಅಬ್ರಹಾಂ ಲಿಂಕನ್, 1861ರ ಫೆಬ್ರುವರಿಯಲ್ಲಿ ಅಧ್ಯಕ್ಷ ಪದವಿ ವಹಿಸಿಕೊಳ್ಳಲು ಹೋಗುವ ದಾರಿಯಲ್ಲಿ ಟ್ರೆಂಟನ್ ನಗರದಲ್ಲಿ ಮಾತನಾಡುತ್ತಾ ಅದನ್ನು ನೆನೆದರು. ಅವರು ಹೇಳಿದ್ದು ಚೆರ್ರಿ ಗಿಡವನ್ನಲ್ಲ. ವಾಷಿಂಗ್ಟನ್ ಸೈನ್ಯ ನದಿ ದಾಟಿದ್ದು, ಸೈನಿಕರು ಪಟ್ಟ ಪಾಡು, ಇಷ್ಟೊಂದು ಕಷ್ಟಪಟ್ಟು ಇವರು ಹೋರಾಡಿದ್ದು ಯಾತಕ್ಕಾಗಿ ಎಂದು ಹುಡುಗನಾಗಿದ್ದಾಗ ತನಗೆ ಅನಿಸಿದ್ದು, ಇವನ್ನು ಹೇಳಿದರು. ನಡೆದ ಸಂಗತಿಗೆ ಅಷ್ಟು ಬಲವಿರುವಾಗ ಕಟ್ಟುಕಥೆ ಯಾಕೆ ಬೇಕು?

ನಮ್ಮಲ್ಲೂ ವಿಶ್ವೇಶ್ವರಯ್ಯನವರ ಎರಡು ಮೋಂಬತ್ತಿಗಳ ಕಥೆ ಇದೆ: ಸರ್ಕಾರಿ ಕೆಲಸಕ್ಕೆ ಒಂದು, ಸ್ವಂತ ಕೆಲಸಕ್ಕೆ ಇನ್ನೊಂದು. ಇದೇ ಕಥೆಯನ್ನು ದೀಪದ ರೂಪದಲ್ಲಿ ಚಾಣಕ್ಯನ ಮೇಲೂ ಖಲೀಫ ಉಮರ್ ಮೇಲೂ ಹೇಳುತ್ತಾರೆ. ಅದರ ಬದಲು, ಮುದ್ದೇನಹಳ್ಳಿಯ ಹುಡುಗ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಬೇರೆಯವರ ಮನೆಯ ಮಕ್ಕಳಿಗೆ ಪಾಠ ಹೇಳಿ ಓದಿಗೆ ದಾರಿ ಮಾಡಿಕೊಂಡದ್ದನ್ನು ಹೇಳಬಹುದು. ಅಣೆಕಟ್ಟಿನ ನೀರು ಒಂದು ಮಟ್ಟ ದಾಟಿದರೆ ತಾವಾಗಿ ತೆರೆದುಕೊಳ್ಳುವ ಬಾಗಿಲುಗಳನ್ನು ಅವರು ಯೋಚಿಸಿ ಮಾಡಿದ್ದು, 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಅವನ್ನು ಕೂರಿಸಿದ್ದು ಇನ್ನೂ ಸ್ವಾರಸ್ಯ. ‘ನೀರಿಗೆ ಹೇಗೆ ಗೊತ್ತಾಗುತ್ತೆ?’ ಎಂದು ಮಗು ಕೇಳಿದರೆ ಬಕೆಟ್ಟು, ತೇಲುವ ಡಬ್ಬಿ ತಂದು ಬಚ್ಚಲಿನಲ್ಲಿ ಮಾಡಿ ತೋರಿಸಿ.

ಓದಿ ಹೇಳುವವರು ಹೆದರುವುದು ಕಷ್ಟದ ಪ್ರಶ್ನೆಗಳಿಗೆ. ಭೀಮಸೇನ ಜೋಶಿಯವರ ಬಾಲ್ಯ ಓದಿದರೆ ಅಂಥದ್ದು ತಪ್ಪದು. ಗದಗದ ಈ ಹುಡುಗ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಕೇಳಿ ಹಾಡಿನ ಹುಚ್ಚು ಹಿಡಿಸಿಕೊಂಡು, 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಊಟಕ್ಕೆ ತುಪ್ಪ ಕಡಿಮೆಯಾಯಿತೆಂಬ ಸಿಟ್ಟೂ ಸೇರಿತ್ತು ಎನ್ನುತ್ತಾರೆ. ಟಿಕೆಟ್ ಇಲ್ಲದೆ ರೈಲು ಹತ್ತಿ, ಹಾಡುತ್ತಾ, ಗ್ವಾಲಿಯರ್ ಮೊದಲಾದ ಕಡೆ ಅಲೆದು ಜಲಂಧರ್ ಸೇರಿದವನನ್ನು ತಂದೆ ಹುಡುಕಿ ಕರೆತಂದರು. ಗುರು ಸಿಕ್ಕಿದ್ದು ಊರ ಹತ್ತಿರದಲ್ಲೇ, ಕುಂದಗೋಳದ ಸವಾಯಿ ಗಂಧರ್ವರು. ‘ಹಾಗಾದ್ರೆ ನಾನೂ ಓಡಿ ಹೋಗ್ಲಾ?’ ಎಂದು ಮಗು ಕೇಳುತ್ತದೆ. ಪುಸ್ತಕ ಮುಚ್ಚುವ ಅಗತ್ಯವಿಲ್ಲ. ಮನೆಯವರು ಪಟ್ಟ ಸಂಕಟವನ್ನು ಹೇಳಿ, ಹುಡುಕಿ ಹೋದ ಅಪ್ಪನ ಕಡೆಯಿಂದಲೂ ಕಥೆ ಹೇಳಿ. ಇನ್ನೂ ಮುಖ್ಯವಾಗಿ, ಗುರು ಸಿಕ್ಕಮೇಲೂ ವರ್ಷಗಟ್ಟಲೆ ಮನೆಗೆಲಸ ಮಾಡುತ್ತಾ ಸಾಧನೆ ಮಾಡಿದ್ದನ್ನು ಹೇಳಿ. ಓಡಿಹೋದದ್ದು ಒಂದು ಪುಟ, ಕಲಿತದ್ದು ಎಷ್ಟೋ ಪುಟ.

ಅದೇ ಗುರುವಿನ ಬಳಿ ಕಲಿತವರು ಗಂಗೂಬಾಯಿ ಹಾನಗಲ್. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ರಾತ್ರಿ ವಾಪಸಾಗುತ್ತಿದ್ದರು. ಹಾಡುವ ಹೆಣ್ಣುಮಕ್ಕಳ ಮನೆತನವೆಂದು ಬೀದಿಯಲ್ಲಿ ಕೇಳಿದ ಮಾತುಗಳನ್ನೂ, ಗಂಟಲಿನ ಚಿಕಿತ್ಸೆಯ ಮೇಲೆ ದನಿ ಗಂಡುದನಿಯಂತೆ ಇಳಿದದ್ದನ್ನೂ, ಆ ದನಿಯಲ್ಲೇ ಜಗತ್ತು ಗೆದ್ದದ್ದನ್ನೂ ಮಕ್ಕಳು ಕೇಳಬೇಕು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿಯ ಎದುರಿಗೆ ಸ್ವಾಗತ ಗೀತೆ ಹಾಡಿದ ಮಕ್ಕಳಲ್ಲಿ ಅವರೂ ಒಬ್ಬರು. ಹಾಡುವ ಹೆದರಿಕೆಗಿಂತ ಊಟದ ಹೊತ್ತಿನ ಹೆದರಿಕೆಯೇ ಅವರಿಗೆ ದೊಡ್ಡದಾಗಿತ್ತು: ಜಾತಿಯ ಕಾರಣಕ್ಕೆ ಬೇರೆ ಕೂರಿಸಿಬಿಟ್ಟರೆ? ಹತ್ತು ವರ್ಷದ ಮಗುವಿಗೆ ಜಾತಿಯ ಬಗ್ಗೆ ಪಾಠ ಮಾಡುವುದು ಕಷ್ಟ. ಊಟದ ಸಾಲಿನಲ್ಲಿ ಎದೆ ಡವಡವ ಎನ್ನುತ್ತಾ ನಿಂತ ಹುಡುಗಿಯನ್ನು ತೋರಿಸುವುದು ಸಾಧ್ಯ. ‘ಯಾಕೆ ಬೇರೆ ಕೂರಿಸ್ತಾರೆ?’ ಎಂದು ಕೇಳಿದಾಗ ಸುತ್ತಿಬಳಸದೆ ಉತ್ತರ ಹೇಳಬೇಕು. ಅದನ್ನು ತಪ್ಪಿಸಿ ಮುಂದಿನ ಪುಟಕ್ಕೆ ಹೋಗುವ ಅಪ್ಪ ಅಮ್ಮಂದಿರ ಬಗ್ಗೆ ನನಗೆ ಬೇಸರವಿದೆ.

ದೊಡ್ಡ ಹೆಸರೇ ಆಗಬೇಕೆಂದೂ ಇಲ್ಲ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬರಿಗೆ ವಿದೇಶಿ ಪ್ರವಾಸಿಗರು ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಉತ್ತರ ಹೇಳಲಾಗಲಿಲ್ಲ. ಆ ನೋವೇ ತಮ್ಮೂರು ನ್ಯೂಪಡ್ಪುವಿಗೆ ಶಾಲೆ ತರುವ ಹಟವಾಯಿತು, ಹಣ್ಣು ಮಾರಿದ ದುಡ್ಡು ಶಾಲೆಗೆ ಹೋಯಿತು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಐದು ವರ್ಷದ ಮಗುವಿಗೂ ಇದು ತಿಳಿಯುತ್ತದೆ. ಸಾವಿತ್ರಿಬಾಯಿ ಫುಲೆ ಕೆಸರು, ಸಗಣಿ ಎರಚುವವರ ನಡುವೆ ಶಾಲೆಗೆ ನಡೆಯುವಾಗ ಬದಲಿಸಿಕೊಳ್ಳಲು ಇನ್ನೊಂದು ಸೀರೆ ಒಯ್ಯುತ್ತಿದ್ದರು ಎಂಬುದು ಇನ್ನು ಸ್ವಲ್ಪ ದೊಡ್ಡವರಿಗೆ.

ಓದುವ ಬಗೆ ಸುಲಭ. ಹುಟ್ಟಿದ ತಾರೀಖಿನಿಂದ ಶುರುಮಾಡಬೇಡಿ, ಯಾವುದಾದರೂ ಪ್ರಸಂಗದಿಂದ ಶುರುಮಾಡಿ. ಒಂದು ರಾತ್ರಿಗೆ ಒಂದು ಪ್ರಸಂಗ ಸಾಕು. ‘ಇದರಿಂದ ಏನು ಕಲಿತೆ?’ ಎಂದು ದಯವಿಟ್ಟು ಕೇಳಬೇಡಿ. ಕೇಳಿದ ಕೂಡಲೇ ಮಲಗುವ ಕೋಣೆ ತರಗತಿಯಾಗುತ್ತದೆ. ಸಾಧ್ಯವಾದರೆ ಪುಸ್ತಕದಲ್ಲಿ ಬಂದವರ ಊರಿಗೇ ಮಗುವನ್ನು ಕರೆದೊಯ್ಯಿರಿ. ಕುಪ್ಪಳಿಯ ಕವಿಮನೆ, ಪುತ್ತೂರಿನ ಕಾರಂತರ ಬಾಲವನ, ಮುದ್ದೇನಹಳ್ಳಿ, ಧಾರವಾಡದ ಸಾಧನಕೇರಿ ಎಲ್ಲವೂ ನಮ್ಮಲ್ಲೇ ಇವೆ.

ಮತ್ತೆ, ಪುಸ್ತಕವನ್ನು ಉಡುಗೊರೆಯಾಗಿ ಕೊಡಿ. ಭೀಮರಾವ್ ಎಂಬ ಹುಡುಗ ಮುಂಬೈಯಲ್ಲಿ ಪರೀಕ್ಷೆ ಪಾಸಾದಾಗ ಅವನ ಸಮುದಾಯದವರು ಒಂದು ಅಭಿನಂದನಾ ಸಭೆ ಮಾಡಿದರು. ಅಲ್ಲಿ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಲೇಖಕರು ತಾವೇ ಮರಾಠಿಯಲ್ಲಿ ಬರೆದಿದ್ದ ಬುದ್ಧನ ಚರಿತ್ರೆಯನ್ನು ಹುಡುಗನ ಕೈಗಿತ್ತರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದ ಅಂಬೇಡ್ಕರ್, ಬುದ್ಧನ ಕುರಿತ ತಮ್ಮ ಕೊನೆಯ ಕೃತಿಗೆ ಬರೆದ ಮುನ್ನುಡಿಯಲ್ಲಿ ಆ ಪುಸ್ತಕವನ್ನು ನೆನೆದಿದ್ದಾರೆ. ಒಂದು ಪುಸ್ತಕದಿಂದಲೇ ಎಲ್ಲವೂ ಆಯಿತು ಎಂದಲ್ಲ. ನಡುವೆ ದಶಕಗಳ ಓದು, ಅವಮಾನ, ಹೋರಾಟವಿದೆ. ಆದರೆ ಕೊಟ್ಟದ್ದು ಉಳಿದಿತ್ತು. ಈ ವರ್ಷದ ಶಾಲಾ ವಾರ್ಷಿಕೋತ್ಸವಕ್ಕೆ ಬಹುಮಾನ ಕೊಳ್ಳುವ ಸಮಿತಿಯಲ್ಲಿ ನೀವಿದ್ದರೆ, ಸ್ಟೀಲ್ ತಟ್ಟೆ, ಟಿಫಿನ್ ಡಬ್ಬಿಗಳ ಪಟ್ಟಿ ಓದುವ ಹೊತ್ತಿಗೆ ಎದ್ದು ನಿಂತು ಜೀವನಚರಿತ್ರೆಗಳ ಹೆಸರು ಹೇಳಿ. ಓಟದಲ್ಲಿ ಗೆದ್ದವಳಿಗೆ ಓಟಗಾರ್ತಿಯದು, ಹಾಡಿದವನಿಗೆ ಹಾಡುಗಾರರದು, ಸೋತವರಿಗೂ ಒಂದೊಂದು.