ಐಸ್‌ಕ್ರೀಮ್ ವ್ಯಾನು: ಕಟ್ಟುವ ಬಗೆ ಮತ್ತು ಕುಂದದ ಆಕರ್ಷಣೆ



ಕರೆದ ಹಾಲನ್ನು ಬೇಗ ತಂಪು ಮಾಡಬೇಕು, ಮಾಡಿದ ತಂಪನ್ನು ಕೊನೆಯವರೆಗೆ ಕಾಯಬೇಕು. ಈ ಮಾತನ್ನು ನೀವು ಸಂಘದಲ್ಲಿ ಎಷ್ಟೋ ಸಲ ಕೇಳಿದ್ದೀರಿ. ಐಸ್‌ಕ್ರೀಮಿನ ವಿಷಯದಲ್ಲಿ ಆ ಕೊನೆ ಎಂದರೆ ಗಿರಾಕಿಯ ನಾಲಿಗೆ. ಅಲ್ಲಿಯವರೆಗೂ ತಂಪು ಕಾಯುವ ಒಂದು ಪುಟ್ಟ ಡೇರಿಯನ್ನೇ ಚಕ್ರದ ಮೇಲೆ ಕೂರಿಸಿದರೆ ಹೇಗಿರುತ್ತದೆ? ಅಮೆರಿಕ ಮತ್ತು ಇಂಗ್ಲೆಂಡಿನ ಬೀದಿಗಳಲ್ಲಿ ಓಡಾಡುವ ಐಸ್‌ಕ್ರೀಮ್ ವ್ಯಾನು ಅಂಥದು.

ಹುಟ್ಟಿ ಬಂದ ಬಗೆ

1920ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಯಂಗ್ಸ್‌ಟೌನ್ ಊರಿನ ಹ್ಯಾರಿ ಬರ್ಟ್ ಎಂಬ ಮಿಠಾಯಿ ವ್ಯಾಪಾರಿ ಚಾಕೊಲೇಟ್ ಹೊದಿಸಿದ ಐಸ್‌ಕ್ರೀಮಿಗೆ ಕಡ್ಡಿ ಸಿಕ್ಕಿಸಿ, ಗಂಟೆ ಕಟ್ಟಿದ ಮೋಟಾರು ಗಾಡಿಗಳಲ್ಲಿ ಬೀದಿ ಬೀದಿಗೆ ಕಳುಹಿಸಿದರು. 1956ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಮತ್ತು ಜೇಮ್ಸ್ ಕಾನ್ವೇ ಸೋದರರು ಮೆತ್ತನೆಯ ಐಸ್‌ಕ್ರೀಮನ್ನು ಗಾಡಿಯಲ್ಲೇ ತಯಾರಿಸಿ ಕೊಡುವ ‘ಮಿಸ್ಟರ್ ಸಾಫ್ಟೀ’ ಆರಂಭಿಸಿದರು. ಆದರೆ ಯಂತ್ರ ನಡೆಸಲು ಗಾಡಿಯಲ್ಲಿ ಪ್ರತ್ಯೇಕ ಜನರೇಟರ್ ಹೊರಬೇಕಿತ್ತು. ಅದರ ಭಾರವೂ ಹೆಚ್ಚು, ಸದ್ದೂ ಹೆಚ್ಚು. 1960ರ ದಶಕದಲ್ಲಿ ಇಂಗ್ಲೆಂಡಿನ ಕ್ರೂ ಪಟ್ಟಣದ ಬ್ರಯನ್ ವಿಟ್ಬಿ ಅವರು ವ್ಯಾನಿನ ಎಂಜಿನ್ನಿನಿಂದಲೇ ಐಸ್‌ಕ್ರೀಮ್ ಯಂತ್ರ ನಡೆಯುವಂತೆ ಮಾಡಿ ಪೇಟೆಂಟ್ ಪಡೆದರು. ಅಲ್ಲಿಂದ ಈ ವ್ಯಾಪಾರ ಹಗುರವಾಯಿತು.

ಒಳಗೆ ಏನಿದೆ?

ತಯಾರಕರು ಮೊದಲು ಸಾಮಾನ್ಯ ವ್ಯಾನಿನ ಚಾಸಿಯನ್ನು ಕೊಳ್ಳುತ್ತಾರೆ. ಅದರ ಮೇಲೆ ಅಚ್ಚಿನಲ್ಲಿ ಎರಕ ಹೊಯ್ದ ಫೈಬರ್‌ಗ್ಲಾಸ್ ಕವಚ ಕೂರಿಸುತ್ತಾರೆ. ಇದು ಹಗುರ, ತುಕ್ಕು ಹಿಡಿಯದು, ತೊಳೆಯಲು ಸುಲಭ. ಜನ ನಿಲ್ಲುವ ಪಕ್ಕಕ್ಕೆ ಸರಿಸುವ ಕಿಟಕಿ. ಒಳಗೆ ಯಂತ್ರ, ಶೀತಲ ಪೆಟ್ಟಿಗೆ, ಕೈ ಮತ್ತು ಪಾತ್ರೆ ತೊಳೆಯಲು ನೀರಿನ ವ್ಯವಸ್ಥೆ.

ಯಂತ್ರದ ಮೇಲಿನ ತೊಟ್ಟಿಯಲ್ಲಿ ಹಾಲು, ಸಕ್ಕರೆ, ಜಿಡ್ಡು ಬೆರೆಸಿ ಶಾಖಸಂಸ್ಕರಣೆ ಮಾಡಿದ ದ್ರವ ತಂಪಾಗಿರುತ್ತದೆ. ಅದು ಗಾಳಿಯೊಡನೆ ಸೇರಿ ಕೆಳಗಿನ ಸಿಲಿಂಡರಿಗೆ ಇಳಿಯುತ್ತದೆ. ಸಿಲಿಂಡರಿನ ತಣ್ಣನೆಯ ಗೋಡೆಗೆ ಹೆಪ್ಪುಗಟ್ಟಿದ ಪದರವನ್ನು ತಿರುಗುವ ಬ್ಲೇಡು ಕೆರೆಯುತ್ತಲೇ ಇರುತ್ತದೆ. ಹೀಗೆ ಹರಳುಗಳು ದಪ್ಪವಾಗಲು ಅವಕಾಶವೇ ಸಿಗದೆ, ಸೊನ್ನೆಗಿಂತ ಸುಮಾರು 6 ಡಿಗ್ರಿ ಕೆಳಗಿನ ಉಷ್ಣತೆಯಲ್ಲಿ ಮೆತ್ತಗೆ ಹೊರಬರುತ್ತದೆ.

ಕಡ್ಡಿ ಐಸ್‌ಕ್ರೀಮ್ ಮಾರುವ ವ್ಯಾನುಗಳಲ್ಲಿ ಇನ್ನೊಂದು ಉಪಾಯವಿದೆ. ಪೆಟ್ಟಿಗೆಯ ಗೋಡೆಗಳಲ್ಲಿ ಉಪ್ಪಿನ ದ್ರಾವಣ ತುಂಬಿದ ಫಲಕಗಳಿರುತ್ತವೆ. ರಾತ್ರಿ ಕರೆಂಟು ಕೊಟ್ಟು ಅದನ್ನು ಗಟ್ಟಿಯಾಗಿಸುತ್ತಾರೆ. ಹಗಲಿಡೀ ಅದು ನಿಧಾನವಾಗಿ ಕರಗುತ್ತ ಪೆಟ್ಟಿಗೆಯನ್ನು ತಂಪಾಗಿಡುತ್ತದೆ. ನಮ್ಮ ಶೀತಲೀಕರಣ ಕೇಂದ್ರಗಳ ಐಸ್‌ಬ್ಯಾಂಕಿನದೂ ಇದೇ ತತ್ವ. ಈ ತಂಪು ನಡುವೆ ತಪ್ಪಿದರೆ ಐಸ್‌ಕ್ರೀಮ್ ಕರಗಿ ಮತ್ತೆ ಗಟ್ಟಿಯಾಗುತ್ತದೆ. ಆಗ ಹರಳು ದಪ್ಪವಾಗಿ, ತಿಂದರೆ ಮರಳಿನಂತೆ ಹಲ್ಲಿಗೆ ಸಿಗುತ್ತದೆ.

ಆಕರ್ಷಣೆ ಏಕೆ?

ಇಂದು ಮನೆಮನೆಯಲ್ಲೂ ಫ್ರಿಜ್ ಇರುವ ಆ ದೇಶಗಳಲ್ಲಿ ಈ ವ್ಯಾನು ಏಕೆ ಉಳಿದಿದೆ? ಮೊದಲನೆಯದು ಅದರ ದನಿ. ದೂರದಿಂದ ಸಂಗೀತ ಕೇಳಿದೊಡನೆ ಮಕ್ಕಳು ಚಿಲ್ಲರೆಗಾಗಿ ಅಮ್ಮನ ಬಳಿ ಓಡುತ್ತಾರೆ. ಜಾತ್ರೆಯಲ್ಲಿ ಐಸ್‌ಕ್ಯಾಂಡಿ ಗಾಡಿಯ ಗಂಟೆ ಕೇಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಎರಡನೆಯದು, ಕೋನಿನ ಮೇಲೆ ಸುರುಳಿ ಕಟ್ಟುವುದನ್ನು ಗಿರಾಕಿ ಕಣ್ಣಾರೆ ನೋಡುತ್ತಾನೆ. ಮೂರನೆಯದು, ಅಂಗಡಿಯೇ ಬಾಗಿಲಿಗೆ ಬರುತ್ತದೆ.

ತೊಡಕುಗಳೂ ಇವೆ. ಇಂಗ್ಲೆಂಡಿನಲ್ಲಿ 2013ರ ನಿಯಮಾವಳಿಯಂತೆ ಸಂಗೀತ ಒಂದು ಸಲಕ್ಕೆ 12 ಸೆಕೆಂಡು ಮೀರಬಾರದು. ಮಧ್ಯಾಹ್ನ 12ಕ್ಕೆ ಮೊದಲು, ಸಂಜೆ 7ರ ನಂತರ ನುಡಿಸುವಂತಿಲ್ಲ. ಮಕ್ಕಳು ರಸ್ತೆಗೆ ಓಡಿ ಬರುತ್ತಾರೆಂದು ವ್ಯಾನಿನ ಹಿಂಬದಿಯಲ್ಲಿ ಎಚ್ಚರಿಕೆ ಬರೆದಿರುತ್ತಾರೆ. ನಿಂತಲ್ಲೇ ಓಡುವ ಎಂಜಿನ್ನಿನ ಹೊಗೆಗೆ ಆಕ್ಷೇಪ ಬಂದುದರಿಂದ ಈಗ ಬ್ಯಾಟರಿಯಿಂದ ಯಂತ್ರ ನಡೆಸುವ ವ್ಯಾನುಗಳೂ ಬಂದಿವೆ.

ನಮಗೆ ಇದರಿಂದ ತಿಳಿಯುವುದೇನು?

ಒಂದು ಲೆಕ್ಕ ನೋಡಿ. ನಮ್ಮ ದೇಶದ ನಿಯಮದಂತೆ ಸಾಮಾನ್ಯ ಐಸ್‌ಕ್ರೀಮಿನಲ್ಲಿ ಕನಿಷ್ಠ ಶೇ. 10 ಹಾಲಿನ ಜಿಡ್ಡು ಇರಬೇಕು. ಅಂದರೆ ಒಂದು ಕಿಲೋ ಐಸ್‌ಕ್ರೀಮಿಗೆ ಬೇಕಾದ ಜಿಡ್ಡು, ಶೇ. 3.5 ಜಿಡ್ಡಿರುವ ಸುಮಾರು 3 ಕಿಲೋ ಹಸುವಿನ ಹಾಲಿನಿಂದ ಬರಬೇಕು. ಹಾಲಿನ ಜಿಡ್ಡಿನ ಬದಲು ಸಸ್ಯಜನ್ಯ ಕೊಬ್ಬು ಬಳಸಿದ್ದನ್ನು ‘ಫ್ರೋಜನ್ ಡೆಸರ್ಟ್’ ಎಂದೇ ಮಾರಬೇಕು. ನೋಟಕ್ಕೆ ಎರಡೂ ಒಂದೇ. ಆದ್ದರಿಂದ ಪೇಟೆಯಲ್ಲಿ ಮಕ್ಕಳಿಗೆ ಕೊಡಿಸುವಾಗ ಹೊದಿಕೆ ಓದಿ ಕೊಳ್ಳಿ. ಹಾಲಿನ ಐಸ್‌ಕ್ರೀಮ್ ಕೊಂಡ ಹಣದಲ್ಲಿ ಒಂದು ಪಾಲು ಹಾಲು ಉತ್ಪಾದಕರಿಗೇ ಮರಳುತ್ತದೆ.

ಎಷ್ಟೇ ಒಳ್ಳೆಯ ಯಂತ್ರವಾದರೂ ಕೆಟ್ಟ ಹಾಲಿನಿಂದ ಒಳ್ಳೆಯ ರುಚಿ ತೆಗೆಯಲಾರದು. ಪಾಶ್ಚರೀಕರಣ ರೋಗಾಣುಗಳನ್ನು ಕೊಲ್ಲುತ್ತದೆ, ಹಾಲಿಗೆ ಹತ್ತಿದ ಹುಳಿಯನ್ನೂ ವಾಸನೆಯನ್ನೂ ತೆಗೆಯುವುದಿಲ್ಲ. ಕೆಚ್ಚಲು ತೊಳೆದು ಒರೆಸಿ, ಶುಚಿಯಾದ ಪಾತ್ರೆಯಲ್ಲಿ ಕರೆದು, ತಡಮಾಡದೆ ಸಂಘಕ್ಕೆ ತಲುಪಿಸಿ. ತಂಪಿನ ಸರಪಳಿಯ ಕೊನೆಯ ಕೊಂಡಿ ಐಸ್‌ಕ್ರೀಮ್ ಮಾರುವವನ ಕೈಯಲ್ಲಿದ್ದರೆ, ಮೊದಲ ಕೊಂಡಿ ನಿಮ್ಮ ಕೊಟ್ಟಿಗೆಯಲ್ಲಿದೆ.