ಕಲಿತದ್ದು ಕೈಗೆ ಬಂದಿತೆ?

ಊರು ಬಿಟ್ಟು ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ನಮ್ಮವರಿಗೆ ಕೆಲಸ ಸಿಕ್ಕುವುದು ಎಷ್ಟು ಮುಖ್ಯವೋ, ಸಿಕ್ಕಿದ ಕೆಲಸವನ್ನು ಚೆನ್ನಾಗಿ ಕಲಿತುಕೊಳ್ಳುವುದೂ ಅಷ್ಟೇ ಮುಖ್ಯ. ಈ ನಗರದ ಹತ್ತಿಗಿರಣಿಗಳಲ್ಲಿ ಒಂದು ಕಾಲಕ್ಕೆ ಜಾಬರನೇ ಆಳನ್ನು ಸೇರಿಸಿಕೊಳ್ಳುವವನು, ಅವನೇ ಕಲಿಸುವವನು, ‘ಇವನಿಂದಾಗದು’ ಎಂದು ಹೊರಗೆ ಹಾಕುವವನೂ ಅವನೇ. ಹೊಸಬನು ಹಳಬನ ಪಕ್ಕದಲ್ಲಿ ನಿಂತು, ನೋಡಿ, ಬೈಸಿಕೊಂಡು ಕಲಿಯಬೇಕಾಗಿತ್ತು. ಇಂದು ಜಾಬರನ ಆ ಅಧಿಕಾರ ಹೋಗಿದೆ. ತರಬೇತಿಯ ತರಗತಿಗಳೂ ಪ್ರಮಾಣಪತ್ರಗಳೂ ಬಂದಿವೆ. ಆದರೆ ಹದಿನೈದು ದಿನಗಳಲ್ಲಿ ಕೈ ಕೂಡದ ಹುಡುಗನನ್ನು ದಡ್ಡನೆನ್ನುವ ವಾಡಿಕೆ ಮಾತ್ರ ಉಳಿದುಕೊಂಡಿದೆ. ತಪ್ಪು ಹುಡುಗನದೋ, ಕಲಿಸಿದ ಬಗೆಯದೋ ಎಂದು ಕೇಳುವವರು ಕಡಿಮೆ. ಇದನ್ನು ಪರೀಕ್ಷಿಸಿ ನೋಡಿದವರು ಏನು ಕಂಡುಕೊಂಡರೆಂಬುದನ್ನು ನಮ್ಮ ತಿಳುವಳಿಕೆಗೆ ನಿಲುಕಿದಷ್ಟು ವಾಚಕರ ಮುಂದಿಡುತ್ತೇವೆ.

ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುವ ನಮ್ಮಂಥವರು ತರಬೇತಿಯ ದಿನ ಎಷ್ಟು ಮಂದಿ ಹಾಜರಿದ್ದರೆಂದು ರಿಜಿಸ್ಟರಿನಲ್ಲಿ ಬರೆಯುತ್ತೇವೆ. ಕಲಿತವರಿಗೆ ಪಾಠ ಹಿಡಿಸಿತೇ ಎಂದೂ ಕೇಳುವುದುಂಟು. ಹಾಜರಿಯಾಗಲಿ ಮೆಚ್ಚಿಕೆಯಾಗಲಿ ಕಲಿಕೆಗೆ ಸಾಕ್ಷಿಯಲ್ಲ. ಇದಕ್ಕೆ ಬ್ರಿಟನ್ನಿನ ಅಂಚೆ ಇಲಾಖೆಯ ಒಂದು ಪರೀಕ್ಷೆ ಒಳ್ಳೆಯ ನಿದರ್ಶನ. ಕಾಗದಗಳನ್ನು ಯಂತ್ರದಿಂದ ವಿಂಗಡಿಸುವ ವ್ಯವಸ್ಥೆ ಬಂದಾಗ ಅಲ್ಲಿಯ ಅಂಚೆಯವರಿಗೆ ಟೈಪಿಂಗ್ ಕಲಿಸಬೇಕಾಯಿತು. ಬ್ಯಾಡ್ಲಿ ಮತ್ತು ಲಾಂಗ್‌ಮನ್ ಎಂಬ ಇಬ್ಬರು ಅವರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ ಒಂದೇ ಗಂಟೆಯ ಪಾಠ. ಇನ್ನೊಂದಕ್ಕೆ ಎರಡೆರಡು ಗಂಟೆಗಳಂತೆ ದಿನಕ್ಕೆ ಎರಡು ಸಲ. ಉಳಿದೆರಡು ಗುಂಪುಗಳಿಗೆ ಇವೆರಡರ ನಡುವಿನ ಪ್ರಮಾಣ. 1978ರಲ್ಲಿ ಪ್ರಕಟವಾದ ಅವರ ವರದಿಯಂತೆ, ದಿನಕ್ಕೊಂದು ಗಂಟೆ ಕಲಿತವರಿಗೆ ಕೀಲಿಮಣೆ ಕೈವಶವಾಗಲು ಒಟ್ಟು ಸುಮಾರು 35 ಗಂಟೆ ಸಾಕಾಯಿತು. ದಿನಕ್ಕೆ ನಾಲ್ಕು ಗಂಟೆ ಕೂತವರಿಗೆ ಸುಮಾರು 50 ಗಂಟೆ ಬೇಕಾಯಿತು. ಸ್ವಾರಸ್ಯವೆಂದರೆ, ಕಡಿಮೆ ಗಂಟೆಗಳಲ್ಲಿ ಕಲಿತವರೇ ತಮ್ಮ ತರಬೇತಿಯ ಬಗ್ಗೆ ಹೆಚ್ಚು ಅಸಮಾಧಾನಪಟ್ಟವರು! ದಿನಗಳ ಲೆಕ್ಕದಲ್ಲಿ ತಾವು ಹಿಂದೆ ಬಿದ್ದಂತೆ ಅವರಿಗೆ ತೋರಿತು. ಮೆಚ್ಚಿಕೆಯನ್ನೇ ನಂಬಿದ್ದರೆ ಒಳ್ಳೆಯ ಪದ್ಧತಿಯೇ ಕೈಬಿಟ್ಟುಹೋಗುತ್ತಿತ್ತು.

ಎರಡನೆಯ ಮಾತು ನೆನಪಿನದು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ಎರಡು ಸಲ ಓದಿದರು. ಬೇರೆಯವರು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿದ್ದುದನ್ನು ಬರೆದರು. ಐದು ನಿಮಿಷದ ಬಳಿಕ ಕೇಳಿದಾಗ ಎರಡು ಸಲ ಓದಿದವರೇ ಮುಂದು: ಅವರದು ನೂರಕ್ಕೆ 81, ಇವರದು 75. ಒಂದು ವಾರದ ಬಳಿಕ ಲೆಕ್ಕ ತಲೆಕೆಳಗಾಯಿತು: ಓದಿದವರಿಗೆ ಉಳಿದದ್ದು 42, ಬರೆದು ನೋಡಿದವರಿಗೆ 56. ತರಗತಿ ಮುಗಿದ ಕೂಡಲೇ ಕೇಳುವ ಪ್ರಶ್ನೆ ನಮ್ಮನ್ನು ಮೋಸಗೊಳಿಸಬಲ್ಲದೆಂಬುದು ಇದರಿಂದ ಸ್ಪಷ್ಟ.

ಇನ್ನು ಕೈಗೆಲಸದ ಮಾತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರಖಾನೆಗಳಿಗೆ ಹೊಸಬರು ಸಾವಿರಗಟ್ಟಲೆ ಬಂದಾಗ, ಮೇಸ್ತ್ರಿಗಳಿಗೇ ಕಲಿಸುವ ಕ್ರಮವನ್ನು ಕಲಿಸುವ ಒಂದು ಯೋಜನೆ ನಡೆಯಿತು. 1950ರ ದಶಕದಲ್ಲಿ ಅದು ನಮ್ಮ ದೇಶದ ಗಿರಣಿಗಳಿಗೂ ಬಂದಿತು. ಅದರಲ್ಲಿ ನಾಲ್ಕು ಮೆಟ್ಟಿಲುಗಳು. ಹರಿದ ಎಳೆಗೆ ಗಂಟು ಹಾಕುವುದನ್ನೇ ತೆಗೆದುಕೊಳ್ಳೋಣ. ಮೊದಲು ಹುಡುಗನ ಅಂಜಿಕೆ ಬಿಡಿಸಿ, ಅವನಿಗೆ ಗೊತ್ತಿರುವುದೆಷ್ಟೆಂದು ಕೇಳುವುದು. ಬಳಿಕ ಒಂದೊಂದು ಹೆಜ್ಜೆಯನ್ನೂ ನಿಧಾನವಾಗಿ ಮಾಡಿ ತೋರಿಸುತ್ತ, ಜಾಗ್ರತೆ ಬೇಕಾದ ಕಡೆ ಕಾರಣ ಹೇಳುವುದು. ಮೂರನೆಯದಾಗಿ ಅವನಿಂದಲೇ ಮಾಡಿಸಿ, ಮಾಡುತ್ತ ಬಾಯಿಬಿಟ್ಟು ವಿವರಿಸುವಂತೆ ಹೇಳುವುದು. ಕೊನೆಯದಾಗಿ ಅವನನ್ನು ಕೆಲಸಕ್ಕೆ ಬಿಟ್ಟು, ಮೇಲಿಂದ ಮೇಲೆ ಹೋಗಿ ನೋಡಿಕೊಳ್ಳುವುದು. ಹೆಚ್ಚಿನ ಕಡೆ ಎರಡನೆಯ ಮೆಟ್ಟಿಲಿಗೇ ಪಾಠ ಮುಗಿಯುತ್ತದೆ. ಹುಡುಗ ತಲೆಯಾಡಿಸಿದನೆಂದರೆ ಕಲಿತನೆಂದೇ ಅರ್ಥ!

ಇಷ್ಟೆಲ್ಲ ಮಾಡಿದರೂ ತರಬೇತಿಯಿಂದಲೇ ಲಾಭವಾಯಿತೆಂದು ತಿಳಿಯುವುದು ಹೇಗೆ? ಇದಕ್ಕೆ ನಮ್ಮ ನಾಡಿನಲ್ಲಿಯೇ ನಡೆದ ಪರೀಕ್ಷೆಯೊಂದಿದೆ. ಬೆಂಗಳೂರಿನ ಶಾಹಿ ಎಕ್ಸ್‌ಪೋರ್ಟ್ಸ್ ಸಂಸ್ಥೆಯ ಐದು ಸಿದ್ಧ ಉಡುಪಿನ ಕಾರಖಾನೆಗಳಲ್ಲಿ 2013ರಲ್ಲಿ ಹೆಣ್ಣುಮಕ್ಕಳಿಗೆ ತರಬೇತಿ ಆರಂಭವಾಯಿತು. ಅಲ್ಲಿ ಕಲಿಸಿದ್ದು ಹೊಲಿಗೆಯನ್ನಲ್ಲ. ಮೇಲಿನವರೊಡನೆ ಅಂಜದೆ ಮಾತನಾಡುವುದು, ಹೊತ್ತಿನ ಸದುಪಯೋಗ, ಹಣಕಾಸಿನ ತಿಳುವಳಿಕೆ, ತೊಡಕು ಬಂದಾಗ ಬಿಡಿಸಿಕೊಳ್ಳುವುದು ಇತ್ಯಾದಿ. ಸುಮಾರು ಒಂದು ವರ್ಷದಲ್ಲಿ ಹಂಚಿದ ಸುಮಾರು 80 ಗಂಟೆಗಳ ಪಾಠ ಅದು. ಹೆಸರು ಕೊಟ್ಟವರು 2,703 ಮಂದಿ. ಅವರಲ್ಲಿ 1,087 ಮಂದಿಯನ್ನು ಚೀಟಿ ಎತ್ತಿ ಆರಿಸಿದರು. ಚೀಟಿ ಏಕೆ? ಚುರುಕಾದವರನ್ನೇ ಆರಿಸಿದ್ದರೆ, ಆಮೇಲೆ ಕಂಡ ಏಳಿಗೆ ಪಾಠದ್ದೋ ಅವರ ಸ್ವಂತ ಚುರುಕಿನದೋ ತಿಳಿಯದು. ಚೀಟಿ ಎತ್ತಿದರೆ ಎರಡು ಕಡೆಯವರೂ ಸರಿಸುಮಾರು ಒಂದೇ ಬಗೆಯವರಾಗುತ್ತಾರೆ.

ಅಧ್ವರ್ಯು, ಕಲಾ, ನ್ಯಷಧಂ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದಂತೆ, ತರಬೇತಿ ಮುಗಿದ ಮೇಲೆ ಕಲಿತವರ ಕೆಲಸ ಕಲಿಯದವರಿಗಿಂತ ನೂರಕ್ಕೆ 13.5ರಷ್ಟು ಹೆಚ್ಚಾಗಿತ್ತು. ಮುಗಿದ ಎಂಟೇ ತಿಂಗಳಲ್ಲಿ ಸಂಸ್ಥೆಗೆ ಹಾಕಿದ ಹಣ ಮರಳಿದ್ದಲ್ಲದೆ, ರೂಪಾಯಿಗೆ ಎರಡೂವರೆ ರೂಪಾಯಿಯಂತೆ ನಿವ್ವಳ ಲಾಭವೂ ಬಂದಿತು. ಆ ಹೆಣ್ಣುಮಕ್ಕಳ ಸಂಬಳವೋ, ಉಳಿದವರಿಗಿಂತ ನೂರು ರೂಪಾಯಿಗೆ ಅರ್ಧ ರೂಪಾಯಿಯಷ್ಟು ಮಾತ್ರ ಮೇಲೇರಿತು.

ಈ ಕೊನೆಯ ಅಂಕಿಯನ್ನು ವಾಚಕರು ಮರೆಯಬಾರದು. ಪರೀಕ್ಷೆ ಮಾಡಿ ನೋಡುವುದರ ಗುಣವೇ ಇದು: ಲಾಭವಾಯಿತೆಂಬುದನ್ನು ಮಾತ್ರವಲ್ಲ, ಯಾರಿಗಾಯಿತೆಂಬುದನ್ನೂ ಅದು ತೋರಿಸುತ್ತದೆ. ತರಬೇತಿಯಿಂದ ಏನೂ ಬರದೆನ್ನುವ ಮಾಲಿಕನಿಗೆ ಅದರಲ್ಲಿ ಉತ್ತರವಿದೆ. ದುಡಿಯುವವನ ಪಾಲೆಷ್ಟೆಂದು ಕೇಳುವವನಿಗೆ ಆಧಾರವೂ ಇದೆ.

ಚಾರಕೋಪದ ಕಾರಖಾನೆಯಲ್ಲಾಗಲಿ, ಹೋಟೆಲಿನ ಅಡುಗೆಮನೆಯಲ್ಲಾಗಲಿ, ಕಚೇರಿಯಲ್ಲಾಗಲಿ ಹೊಸಬರಿಗೆ ಕೆಲಸ ಕಲಿಸುವ ಬಂಧುಗಳು ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಅನೇಕರಿದ್ದಾರೆ. ಅವರಲ್ಲಿ ನಮ್ಮ ವಿನಂತಿ ಇಷ್ಟೇ. ಒಂದೇ ದಿನ ಎಲ್ಲವನ್ನೂ ತುಂಬಬೇಡಿರಿ, ದಿನಕ್ಕಿಷ್ಟೆಂದು ಹಂಚಿರಿ. ತೋರಿಸಿದ ಬಳಿಕ ಅವನಿಂದಲೇ ಮಾಡಿಸಿರಿ. ವಾರ ಕಳೆದ ಮೇಲೆ ಹೋಗಿ ಕೈ ನೋಡಿರಿ, ಏನು ಕಂಡಿರೆಂದು ಒಂದು ಪುಸ್ತಕದಲ್ಲಿ ಬರೆದಿಡಿರಿ. ಹಾಗೆ ನೋಡುವ ಮೊದಲೇ ಯಾವ ಹುಡುಗನನ್ನೂ ದಡ್ಡನೆಂದು ಊರಿಗೆ ಹೊರಡಿಸಬೇಡಿರಿ.