ಅಗಲವೋ, ಗಾಜೋ? — ಆಕಾಶದ ಚಿತ್ರಕ್ಕೆ ದೂರದರ್ಶಕದ ಆಯ್ಕೆ

ಕಾರ್ತಿಕ ಮಾಸದ ಕೊನೆಯ ಕತ್ತಲ ರಾತ್ರಿಗಳಲ್ಲಿ ಅಥಣಿಯ ಪೂರ್ವಕ್ಕಿರುವ ಮಡ್ಡಿ ಹೊಲದಲ್ಲಿ ನಿಂತು ತಲೆಯೆತ್ತಿ ನೋಡಿದರೆ, ನಡುನೆತ್ತಿಯಿಂದ ತುಸು ಉತ್ತರಕ್ಕೆ, ಹಿಂಜಿದ ಅರಳೆಯಂತಹ ಮಬ್ಬು ಬೆಳಕೊಂದು ಬರಿಗಣ್ಣಿಗೇ ಗೋಚರಿಸುತ್ತದೆ. ಅದೇ ದೇವಯಾನಿ ಗೆಲಾಕ್ಸಿ. ಅದರ ಬೆಳಕು ನಮ್ಮನ್ನು ತಲಪಲು ಸುಮಾರು ೨೫ ಲಕ್ಷ ವರ್ಷಗಳು ಹಿಡಿಯುತ್ತವೆ. ಅಷ್ಟು ದೂರದಿಂದ ಬಂದ ಬೆಳಕನ್ನು ಚಿತ್ರವಾಗಿ ಹಿಡಿದಿಡಬೇಕೆಂಬ ಆಸೆ ನೋಡಿದವರಲ್ಲಿ ಹುಟ್ಟುವುದು ಸಹಜವೇ ಆಗಿದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಇಂತಹ ಆಸೆಯುಳ್ಳ ಒಬ್ಬ ತರುಣನನ್ನು ವಾಚಕರು ಊಹಿಸಿಕೊಳ್ಳಲಿ. ಅವನಲ್ಲಿ ೭೦ ಮಿಲಿಮೀಟರ್ ವ್ಯಾಸದ ಸಾಧಾರಣ ಮಸೂರ ದೂರದರ್ಶಕವೊಂದಿದೆ. ಚಂದ್ರನ ಕುಳಿಗಳನ್ನೂ ಶನಿಯ ಬಳೆಯನ್ನೂ ಅದರಲ್ಲಿ ಕಂಡು ಆನಂದಪಟ್ಟಿದ್ದಾನೆ. ಎರಡು ಹಂಗಾಮಿನ ಕಬ್ಬಿನ ಬಿಲ್ಲಿನಲ್ಲಿ ಮನೆಯ ಖರ್ಚು ಕಳೆದು ಉಳಿದ ಹಣವನ್ನು ಕೂಡಿಟ್ಟು, ಈಗ ಚಿತ್ರ ತೆಗೆಯಲು ಯೋಗ್ಯವಾದ ಉಪಕರಣವನ್ನು ಕೊಳ್ಳಲು ಹೊರಟಿದ್ದಾನೆ. ಒಮ್ಮೆ ತಪ್ಪಿದರೆ ಮತ್ತೆ ಅಷ್ಟು ಹಣ ಕೂಡಲು ಇನ್ನೆರಡು ವರ್ಷ ಬೇಕು. ಅಂಗಡಿಯವನ ಪಟ್ಟಿಯಲ್ಲಿ ಬಹುಮಟ್ಟಿಗೆ ಒಂದೇ ಬೆಲೆಗೆ ಎರಡು ಕೊಳವೆಗಳಿವೆಯೆಂದು ಇಟ್ಟುಕೊಳ್ಳೋಣ. ಒಂದು ೧೦೨ ಮಿ.ಮೀ. ಅಗಲದ್ದು, ಸಾಧಾರಣ ಗಾಜಿನದು. ಇನ್ನೊಂದು ೭೨ ಮಿ.ಮೀ. ಮಾತ್ರದ್ದು, ವಿಶೇಷ ಗಾಜಿನದು. ಯಾವುದನ್ನು ಕೊಳ್ಳಬೇಕು?

ಅಗಲವಾದ ಮಸೂರವು ಹೆಚ್ಚು ಬೆಳಕನ್ನು ಕೂಡಿಸುತ್ತದೆಯಾದ್ದರಿಂದ ದೊಡ್ಡದೇ ಮೇಲೆಂದು ಯಾರಿಗಾದರೂ ತೋರುವುದು. ಆದರೆ ಕಣ್ಣಿಗೆ ಒಪ್ಪುವ ದೂರದರ್ಶಕವು ಕ್ಯಾಮೆರಾಕ್ಕೂ ಒಪ್ಪಬೇಕೆಂಬ ನಿಯಮವಿಲ್ಲ. ಈ ಸಂಗತಿ ಹೊಸದೇನೂ ಅಲ್ಲ. ಅಮೆರಿಕದ ಲೂಯಿಸ್ ರದರ್‌ಫರ್ಡ್ ೧೮೬೪ರಲ್ಲಿಯೇ ೧೧¼ ಅಂಗುಲದ ಮಸೂರವೊಂದನ್ನು ಕಣ್ಣಿಗಾಗಿ ಅಲ್ಲ, ಛಾಯಾಫಲಕಕ್ಕೆಂದೇ ಸಿದ್ಧಪಡಿಸಿದನು. ಹೆನ್ರಿ ಡ್ರೇಪರನು ೧೮೮೦ರ ಸೆಪ್ಟೆಂಬರ್ ೩೦ರಂದು ೧೧ ಅಂಗುಲದ ದೂರದರ್ಶಕದಿಂದ, ೫೧ ನಿಮಿಷಗಳ ಕಾಲ ಫಲಕವನ್ನು ತೆರೆದಿಟ್ಟು, ಮಹಾವ್ಯಾಧದ ನೀಹಾರಿಕೆಯ ಮೊಟ್ಟಮೊದಲ ಛಾಯಾಚಿತ್ರವನ್ನು ಪಡೆದನು. ಅಂದಿನ ಫಲಕಗಳು ಮುಖ್ಯವಾಗಿ ನೀಲಿ ಬೆಳಕಿಗೆ ಸ್ಪಂದಿಸುತ್ತಿದ್ದವು. ಇಂದಿನ ಕ್ಯಾಮೆರಾದ ಸೆನ್ಸರ್ ನೇರಳೆಯಿಂದ ಕೆಂಪಿನವರೆಗೆ ಎಲ್ಲ ಬಣ್ಣಗಳನ್ನೂ ದಾಖಲಿಸುತ್ತದೆ. ಆದುದರಿಂದ ಎಲ್ಲ ಬಣ್ಣಗಳೂ ಒಂದೇ ಬಿಂದುವಿನಲ್ಲಿ ಕೂಡಬೇಕೆಂಬ ನಿಬಂಧನೆ ಇಂದು ಇನ್ನಷ್ಟು ಬಿಗಿಯಾಗಿದೆ.

ಗಾಜಿನ ಮೂಲಕ ಹಾಯುವಾಗ ನೀಲಿ ಕಿರಣವು ಕೆಂಪು ಕಿರಣಕ್ಕಿಂತ ಹೆಚ್ಚು ಬಾಗುತ್ತದೆ. ಹೀಗಾಗಿ ಒಂದೇ ಮಸೂರದಿಂದ ಬಂದ ಬಣ್ಣಗಳು ಬೇರೆ ಬೇರೆ ದೂರಗಳಲ್ಲಿ ಕೂಡುತ್ತವೆ. ಇದಕ್ಕೆ ವರ್ಣದೋಷವೆಂದು ಹೆಸರು. ಕ್ರೌನ್ ಮತ್ತು ಫ್ಲಿಂಟ್ ಎಂಬ ಎರಡು ಬಗೆಯ ಗಾಜುಗಳನ್ನು ಜೋಡಿಸಿ ಈ ದೋಷವನ್ನು ಬಹಳಷ್ಟು ತಗ್ಗಿಸಬಹುದು. ಇಂತಹ ಜೋಡಿಗೆ ಜಾನ್ ಡಾಲಂಡನು ೧೭೫೮ರಲ್ಲಿ ಪೇಟೆಂಟ್ ಪಡೆದನು. ಇದೇ ಏಕ್ರೋಮ್ಯಾಟ್. ಇದರಲ್ಲಿ ಕೆಂಪು ಮತ್ತು ನೀಲಿ ಬಣ್ಣಗಳು ಒಂದೆಡೆ ಕೂಡಿದರೂ, ಹಸಿರಿನ ಬಿಂದು ಮಾತ್ರ ಬೇರೆಯಾಗಿಯೇ ಉಳಿಯುತ್ತದೆ. ಈ ಅಂತರವು ನಾಭಿದೂರದ ಸುಮಾರು ೨೦೦೦ದಲ್ಲಿ ಒಂದು ಪಾಲು.

ಪಾಲು ಅತ್ಯಲ್ಪವೆಂದು ತೋರಬಹುದು. ಲೆಕ್ಕ ಹಾಕಿ ನೋಡೋಣ. ೧೦೨ ಮಿ.ಮೀ. ಕೊಳವೆಯ ನಾಭಿದೂರ ೫೦೦ ಮಿ.ಮೀ. ಎಂದಿರಲಿ. ನಾಭಿದೂರವನ್ನು ವ್ಯಾಸದಿಂದ ಭಾಗಿಸಿದರೆ ೪.೯ ಬರುತ್ತದೆ, ಕ್ಯಾಮೆರಾ ಬಳಸುವವರು ಎಫ್-ಸಂಖ್ಯೆಯೆನ್ನುವುದು ಇದನ್ನೇ. ಬಣ್ಣಗಳ ಅಂತರ ೦.೨೫ ಮಿ.ಮೀ. ಹಸಿರು ಸ್ಫುಟವಾಗಿರುವಂತೆ ಹೊಂದಿಸಿದಾಗ, ಕೆಂಪು ಮತ್ತು ನೀಲಿ ಬೆಳಕು ೦.೨೫ನ್ನು ೪.೯ರಿಂದ ಭಾಗಿಸಿದಷ್ಟು, ಅಂದರೆ ಸುಮಾರು ೦.೦೫ ಮಿ.ಮೀ. ಅಗಲದ ಬಿಲ್ಲೆಯಾಗಿ ಹರಡುತ್ತವೆ. ಈಗಿನ ಅನೇಕ ಕ್ಯಾಮೆರಾಗಳಲ್ಲಿ ಒಂದು ಪಿಕ್ಸೆಲ್‌ನ ಅಗಲ ೦.೦೦೪ ಮಿ.ಮೀ.ಗಿಂತಲೂ ಕಡಿಮೆ. ಎಂದ ಮೇಲೆ ಪ್ರತಿ ನಕ್ಷತ್ರದ ಸುತ್ತಲೂ ಹನ್ನೆರಡು ಹದಿಮೂರು ಪಿಕ್ಸೆಲ್‌ಗಳಷ್ಟು ಅಗಲದ ಬಣ್ಣದ ಪರಿವೇಷ! ಕಣ್ಣಿಗೆ ನೇರಳೆ ಬೆಳಕು ಮಂದವಾಗಿ ಕಾಣುವುದರಿಂದ ಈ ದೋಷ ಅಷ್ಟಾಗಿ ಬಾಧಿಸದು. ಸೆನ್ಸರ್ ಮಾತ್ರ ಅದನ್ನು ಮನ್ನಿಸುವುದಿಲ್ಲ.

ವಿಶೇಷ ಗಾಜಿನ ಪ್ರಯೋಜನವಿರುವುದು ಇಲ್ಲಿಯೇ. ಗಾಜು ಬಣ್ಣಗಳನ್ನು ಎಷ್ಟು ಕಡಿಮೆ ಚೆದರಿಸುತ್ತದೆಂಬುದನ್ನು ಅಬ್ಬೆ ಸಂಖ್ಯೆಯಿಂದ ಹೇಳುತ್ತಾರೆ. ಸಂಖ್ಯೆ ದೊಡ್ಡದಾದಷ್ಟೂ ಚೆದರುವಿಕೆ ಕಡಿಮೆ. ಸಾಧಾರಣ ಕ್ರೌನ್ ಗಾಜಿಗೆ ಇದು ೬೪ರಷ್ಟು. ಇ.ಡಿ. ಗಾಜುಗಳಲ್ಲಿ ಎಫ್.ಪಿ.ಎಲ್.-೫೧ಕ್ಕೆ ಸುಮಾರು ೮೧, ಎಫ್.ಪಿ.ಎಲ್.-೫೩ಕ್ಕೆ ಸುಮಾರು ೯೫. ಬರಿದೆ ‘ಇ.ಡಿ.’ ಎಂದು ಬರೆದಿದ್ದರೆ ಸಾಲದು. ಯಾವ ಗಾಜೆಂದು ಕೇಳಿ ತಿಳಿಯಬೇಕು. ಮೂರು ಮಸೂರಗಳ ಅಪೋಕ್ರೋಮ್ಯಾಟ್ ಇನ್ನೂ ಶ್ರೇಷ್ಠವಾದರೂ ಅದರ ಬೆಲೆ ಹೆಚ್ಚು, ಭಾರವೂ ಹೆಚ್ಚು. ಚಿಕ್ಕ ವ್ಯಾಸದಲ್ಲಿ ಒಳ್ಳೆಯ ಎರಡು ಮಸೂರಗಳ ಇ.ಡಿ. ಕೊಳವೆಯೇ ಮೊದಲ ಚಿತ್ರಗಳಿಗೆ ಸಾಕು.

ಹಾಗಾದರೆ ೭೨ ಮಿ.ಮೀ. ಕೊಳವೆಯು ಕಡಿಮೆ ಬೆಳಕು ಕೊಡುವುದಿಲ್ಲವೆ? ನೀಹಾರಿಕೆಯಂತಹ ಹರಡಿದ ವಸ್ತುವಿನ ಚಿತ್ರಕ್ಕೆ ಬೇಕಾಗುವ ಕಾಲವನ್ನು ನಿರ್ಧರಿಸುವುದು ವ್ಯಾಸವೊಂದೇ ಅಲ್ಲ, ಎಫ್-ಸಂಖ್ಯೆ. ನಮ್ಮ ಚಿಕ್ಕ ಕೊಳವೆಯ ನಾಭಿದೂರ ೪೩೨ ಮಿ.ಮೀ. ಎಂದರೆ ಎಫ್-ಸಂಖ್ಯೆ ೬. ಆಗ ದೊಡ್ಡದಕ್ಕಿಂತ ಒಂದೂವರೆ ಪಟ್ಟು ಹೊತ್ತು ಹಿಡಿಯುವುದು ನಿಜ. ಆದರೆ ಮಸೂರ ದೂರದರ್ಶಕದ ಬಿಂಬವು ಸಪಾಟಾಗಿರದೆ ಬಟ್ಟಲಿನಂತೆ ಬಾಗಿರುವುದರಿಂದ, ಚಿತ್ರದ ಮೂಲೆಗಳ ನಕ್ಷತ್ರಗಳು ಜಗ್ಗಿದಂತೆ ಕಾಣುತ್ತವೆ. ಇದನ್ನು ಸರಿಪಡಿಸಲು ಹೇಗಿದ್ದರೂ ಒಂದು ಫ್ಲ್ಯಾಟನರ್ ಬೇಕೇ ಬೇಕು. ನಾಭಿದೂರವನ್ನು ೦.೮ ಪಟ್ಟಿಗೆ ಇಳಿಸುವ ಫ್ಲ್ಯಾಟನರನ್ನೇ ಆರಿಸಿದರೆ ಎಫ್-ಸಂಖ್ಯೆ ೪.೮ಕ್ಕೆ ಇಳಿದು, ಹರಡಿದ ವಸ್ತುಗಳ ಮಟ್ಟಿಗೆ ಎರಡು ಕೊಳವೆಗಳ ವೇಗ ಸಮವಾಗುತ್ತದೆ. ೨೩.೫ ಮಿ.ಮೀ. ಅಗಲದ ಸೆನ್ಸರಿನಲ್ಲಿ ಆಗ ಸುಮಾರು ೩.೯ ಡಿಗ್ರಿ ಆಕಾಶ ಹಿಡಿಯುತ್ತದೆ. ೩ ಡಿಗ್ರಿಯಷ್ಟು ಉದ್ದದ ದೇವಯಾನಿ ಅದರಲ್ಲಿ ನೆಮ್ಮದಿಯಾಗಿ ಕೂಡುತ್ತದೆ.

ಇನ್ನು ಕೊಳವೆಗಿಂತಲೂ ಮುಖ್ಯವಾದುದು ಅದನ್ನು ಹೊರುವ ಪೀಠ. ಭೂಮಿಯ ಆವರ್ತನೆಯಿಂದ, ಖಗೋಳದ ವಿಷುವದ್ವೃತ್ತದ ಬಳಿಯ ನಕ್ಷತ್ರವು ಸೆಕೆಂಡಿಗೆ ೧೫ ಆರ್ಕ್‌ಸೆಕೆಂಡಿನಷ್ಟು ಸರಿಯುತ್ತದೆ. ಮೇಲೆ ಹೇಳಿದ ಚಿಕ್ಕ ಕೊಳವೆಯಲ್ಲಿ ಒಂದು ಪಿಕ್ಸೆಲ್ ಸುಮಾರು ೨ ಆರ್ಕ್‌ಸೆಕೆಂಡುಗಳನ್ನು ಒಳಗೊಳ್ಳುವುದರಿಂದ, ಪೀಠವು ಹಿಂಬಾಲಿಸದಿದ್ದರೆ ಒಂದೇ ಸೆಕೆಂಡಿನಲ್ಲಿ ನಕ್ಷತ್ರವು ಏಳೆಂಟು ಪಿಕ್ಸೆಲ್‌ಗಳಷ್ಟು ಉದ್ದದ ಗೆರೆಯಾಗುತ್ತದೆ. ಆದುದರಿಂದ ಭೂಮಿಯ ಅಕ್ಷಕ್ಕೆ ಸಮಾಂತರವಾಗಿ ತಿರುಗುವ ಇಕ್ವಟೋರಿಯಲ್ ಪೀಠ ಅಗತ್ಯ.

ನಮ್ಮ ಸೀಮೆಯವರು ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಧ್ರುವನು ಕ್ಷಿತಿಜದಿಂದ ಎಷ್ಟು ಎತ್ತರದಲ್ಲಿರುವನೆಂಬುದು ಊರಿನ ಅಕ್ಷಾಂಶವನ್ನು ಅವಲಂಬಿಸಿದೆ. ಚಿಕ್ಕೋಡಿಯಲ್ಲಿ ಅವನು ಸುಮಾರು ೧೬½ ಡಿಗ್ರಿ ಎತ್ತರದಲ್ಲಿ ಮಾತ್ರ; ಲಂಡನ್ನಿನಲ್ಲಾದರೋ ೫೧½ ಡಿಗ್ರಿ. ದೂರದ ಉತ್ತರ ದೇಶಗಳನ್ನೇ ಮನಸ್ಸಿನಲ್ಲಿಟ್ಟು ಮಾಡಿದ ಕೆಲವು ಪೀಠಗಳು ಇಷ್ಟು ಕೆಳಕ್ಕೆ ಬಾಗುವುದಿಲ್ಲ, ಅಥವಾ ಬಾಗಿದಾಗ ತೂಕದ ಗುಂಡು ಮುಕ್ಕಾಲಿಯ ಕಾಲಿಗೆ ತಾಗುತ್ತದೆ. ಕೊಳ್ಳುವ ಮುನ್ನ ಇದನ್ನು ಕೇಳಬೇಕು. ಉತ್ತರ ದಿಕ್ಕಿಗೆ ಮನೆಯಾಗಲಿ ಎತ್ತರದ ಕಬ್ಬಾಗಲಿ ಇಲ್ಲದ ಸ್ಥಳವನ್ನೂ ಆರಿಸಿಕೊಳ್ಳಬೇಕು.

ಆದರೆ ಇದೇ ಅಕ್ಷಾಂಶವು ನಮಗೊಂದು ಸೌಭಾಗ್ಯವನ್ನೂ ತಂದಿದೆ. ಧನು ರಾಶಿಯ ಲಗೂನ್ ನೀಹಾರಿಕೆಯು ಲಂಡನ್ನಿನಲ್ಲಿ ೧೪ ಡಿಗ್ರಿಗಿಂತ ಮೇಲೇರದು; ಚಿಕ್ಕೋಡಿಯಲ್ಲಿ ೪೯ ಡಿಗ್ರಿ ಏರುತ್ತದೆ. ಲಂಡನ್ನಿನವರು ಎಂದೂ ಕಾಣಲಾರದ ಒಮೇಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛವು ಇಲ್ಲಿ ಏಪ್ರಿಲ್ ತಿಂಗಳ ನಡುರಾತ್ರಿಯಲ್ಲಿ ೨೬ ಡಿಗ್ರಿ ಎತ್ತರದಲ್ಲಿ ಹೊಳೆಯುತ್ತದೆ. ಲಗೂನ್ ನಡುರಾತ್ರಿಗೆ ನೆತ್ತಿಯತ್ತ ಬರುವ ಕಾಲಕ್ಕೆ ಮುಂಗಾರು ಕವಿದಿರುವುದರಿಂದ, ಮಾರ್ಚ್-ಏಪ್ರಿಲ್ ತಿಂಗಳ ಬೆಳಗಿನ ಜಾವದಲ್ಲಿಯೇ ಅದನ್ನು ಹಿಡಿಯಬೇಕು.

ಚಳಿಗಾಲದ ಸ್ವಚ್ಛ ರಾತ್ರಿಗಳು ಕಬ್ಬು ನುರಿಸುವ ಹಂಗಾಮಿನಲ್ಲಿಯೇ ಬರುತ್ತವೆ. ರವದಿ ಸುಟ್ಟ ಹೊಗೆ, ಕಾರ್ಖಾನೆಗಳ ದೀಪ, ನಿಪ್ಪಾಣಿಯ ಕಡೆ ಹೆದ್ದಾರಿಯ ಬೆಳಕು ಇವೆಲ್ಲ ಎದುರಾಗುತ್ತವೆ. ಕೃಷ್ಣೆಯ ದಂಡೆಯ ನೀರಾವರಿ ಹೊಲಗಳಲ್ಲಿ ಇಬ್ಬನಿಯು ಮುಂಮಸೂರದ ಮೇಲೆ ಕೂಡುತ್ತದೆ; ಅದನ್ನು ಬಟ್ಟೆಯಿಂದ ಒರೆಸಬಾರದು, ಮಸೂರವನ್ನು ತುಸು ಬೆಚ್ಚಗಿಡುವ ಪಟ್ಟಿಯನ್ನು ಸುತ್ತಬೇಕು. ಸಾಧ್ಯವಾದರೆ ಮಡ್ಡಿಯ ಒಣನೆಲಕ್ಕೆ ಹೋಗುವುದೇ ಲೇಸು. ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಹಾಕಿದ ಬಿಗಿ ಪೆಟ್ಟಿಗೆಯಲ್ಲಿಡಬೇಕು.

ಹಣವನ್ನು ಹಂಚುವ ಬಗೆ ಹೇಗೆ? ರೂಪಾಯಿಗೆ ಎಂಟಾಣೆ ಪೀಠಕ್ಕೆ, ಐದಾಣೆ ಕೊಳವೆಗೆ, ಉಳಿದ ಮೂರಾಣೆ ಫ್ಲ್ಯಾಟನರ್ ಮತ್ತು ಇಬ್ಬನಿಯ ಪಟ್ಟಿಗೆ ಎಂಬುದು ನಮ್ಮ ಸಲಹೆ. ಕ್ಯಾಮೆರಾ ಈಗಾಗಲೇ ಇದ್ದುದನ್ನೇ ಬಳಸಬಹುದು. ಕೊಳವೆ ಕೈಗೆ ಬಂದ ರಾತ್ರಿಯೇ ಪ್ರಕಾಶಮಾನವಾದ ನಕ್ಷತ್ರವೊಂದನ್ನು ನಡುವಿಗೆ ತಂದು, ನಾಭಿಯಿಂದ ತುಸು ಒಳಕ್ಕೂ ಹೊರಕ್ಕೂ ಸರಿಸಿ ನೋಡಬೇಕು. ಎರಡೂ ಕಡೆ ಉಂಗುರಗಳು ದುಂಡಗೆ ಏಕಕೇಂದ್ರವಾಗಿದ್ದರೆ ಮಸೂರ ಸರಿಯಾಗಿದೆ. ಒಂದು ಕಡೆಗೆ ವಾಲಿದ್ದರೆ ಹಿಂತಿರುಗಿಸಲು ಅದೇ ಸಮಯ.

ಈಗಾಗಲೇ ದೊಡ್ಡ ಏಕ್ರೋಮ್ಯಾಟನ್ನು ಕೊಂಡವರು ಎದೆಗುಂದಬೇಕಿಲ್ಲ. ಜಲಜನಕದ ಕೆಂಪು ಬೆಳಕೊಂದನ್ನೇ ಬಿಡುವ ಫಿಲ್ಟರನ್ನು ಹಾಕಿದಾಗ ಇರುವುದು ಒಂದೇ ಬಣ್ಣ; ವರ್ಣದೋಷಕ್ಕೆ ಅಲ್ಲಿ ಎಡೆಯೇ ಇಲ್ಲ. ಹಾಗೆಯೇ ನಮ್ಮ ತರುಣನ ಹಳೆಯ ೭೦ ಮಿ.ಮೀ. ಕೊಳವೆಯನ್ನೂ ಮಾರಬೇಕಿಲ್ಲ. ಹೊಸ ಕೊಳವೆಯು ಗಂಟೆಗಟ್ಟಲೆ ಬೆಳಕನ್ನು ಕೂಡಿಸುತ್ತಿರುವಾಗ, ಹೊಲದ ಬದುವಿನ ಮೇಲೆ ಸೇರಿದ ಓಣಿಯ ಮಕ್ಕಳು ಅದರಲ್ಲಿ ಶನಿಯ ಬಳೆಯನ್ನು ನೋಡುತ್ತಿರಲಿ.